ಹೊರ ಒಲೆಯ ಸ್ಥಾನನಿರ್ಣಯ

ಅನ್ನವಿಲ್ಲದೆ ಮನೆಯಿಲ್ಲ, ಅಗ್ನಿಯಿಲ್ಲದೆ ಅನ್ನವಿಲ್ಲ. ಆದರೂ ಅನ್ನವನ್ನು ಬೇಯಿಸುವ ಆ ಅಗ್ನಿಯೇ ಎಚ್ಚರ ತಪ್ಪಿದರೆ ಮನೆಯನ್ನು ಸುಡಬಲ್ಲುದು. ಸುಡದೆ ಬಿಟ್ಟರೂ ತನ್ನ ಹೊಗೆಯಿಂದ ಮನೆಯವರ ಕಣ್ಣುಗಳನ್ನೂ ಉಸಿರನ್ನೂ ಕೆಡಿಸಬಲ್ಲುದು. ಆದಕಾರಣ ಒಲೆಯನ್ನು ಎಲ್ಲಿ ಹೂಡಬೇಕು, ಮನೆಯ ಒಳಗೋ ಹೊರಗೋ, ಹೊರಗಾದರೆ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ಎಂಬ ಪ್ರಶ್ನೆಗಳು ಮಾನವನು ಗೃಹಸ್ಥನಾದ ಕಾಲದಿಂದಲೂ ಅವನನ್ನು ಬಿಡದೆ ಹಿಂಬಾಲಿಸಿವೆ. ಇಂದು ಮನೆಯನ್ನು ಕಟ್ಟಿಸತೊಡಗುವವರು ದೇವರ ಕೋಣೆಯ ದಿಕ್ಕನ್ನೂ ತಲೆಬಾಗಿಲಿನ ಆಯವನ್ನೂ ಹತ್ತು ಮಂದಿಯನ್ನು ಕೇಳಿ ನಿಶ್ಚಯಿಸುವರು. ಹಿತ್ತಿಲಿನಲ್ಲಿ ಹಾಕಬೇಕಾದ ಹೊರ ಒಲೆಯ ಮಾತು ಬಂದಾಗ ಮಾತ್ರ, ಉಳಿದ ಜಾಗದಲ್ಲಿ ಎಲ್ಲಿಯಾದರೂ ಆದೀತು ಎಂದು ಕೈ ತೊಳೆದುಕೊಳ್ಳುವರು. ಹಿಂದಿನವರು ಈ ವಿಷಯವನ್ನು ಅಷ್ಟು ಹಗುರವಾಗಿ ಭಾವಿಸಿರಲಿಲ್ಲ. ಅವರು ಏನನ್ನು ಯೋಚಿಸಿದರು, ಯಾವುದನ್ನು ಯೋಚಿಸದೆ ಬಿಟ್ಟರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಭರತಖಂಡದಲ್ಲಿ ಉತ್ಖನನದಿಂದ ಬೆಳಕಿಗೆ ಬಂದಿರುವ ಅತಿ ಪ್ರಾಚೀನವಾದ ಪಟ್ಟಣಗಳಲ್ಲಿಯೇ ಈ ಪ್ರಶ್ನೆಯ ಕುರುಹುಗಳು ಕಾಣುತ್ತವೆ. ಸಿಂಧೂ ನಾಗರಿಕತೆಯ ಮನೆಗಳು ಸಾಮಾನ್ಯವಾಗಿ ನಡುವೆ ಅಂಗಳವನ್ನು ಇರಿಸಿಕೊಂಡು ಸುತ್ತಲೂ ಕೋಣೆಗಳನ್ನು ಕಟ್ಟಿದಂಥವು. ರಾಜಸ್ಥಾನದ ಕಾಲಿಬಂಗನ್ ಎಂಬಲ್ಲಿ ೧೯೬೦ರ ದಶಕದಲ್ಲಿ ನಡೆದ ಉತ್ಖನನದಲ್ಲಿ ನೆಲದೊಳಗೆ ತೋಡಿದ ಒಲೆಗಳೂ ನೆಲದ ಮೇಲೆ ಕಟ್ಟಿದ ಒಲೆಗಳೂ ಹೀಗೆ ಎರಡು ಬಗೆಯವು ದೊರೆತಿವೆ. ನೆಲದೊಳಗಿನ ಒಲೆಯಲ್ಲಿ ಬೆಂಕಿ ಗಾಳಿಗೆ ಚದರದು, ಕಿಡಿ ಹಾರದು. ನೆಲದ ಮೇಲಿನ ಒಲೆಗೆ ಉರಿ ಚೆನ್ನಾಗಿ ಹತ್ತುವುದು. ಐದು ಸಾವಿರ ವರ್ಷಗಳ ಹಿಂದೆಯೇ ಒಲೆಯು ಒಂದು ವಿಧವಾಗಿರಲಿಲ್ಲವೆಂಬುದೂ, ಒಂದೊಂದಕ್ಕೂ ಅದರದರ ಪ್ರಯೋಜನವಿದ್ದಿತೆಂಬುದೂ ಇದರಿಂದ ಊಹಿಸಬಹುದಾಗಿದೆ.

ವೈದಿಕರು ಅಗ್ನಿಗೆ ಸ್ಥಾನವನ್ನು ಗೊತ್ತುಮಾಡಿದ ರೀತಿಯೂ ಇಲ್ಲಿ ಗಮನಾರ್ಹವಾದುದು. ಶ್ರೌತಕರ್ಮಗಳಲ್ಲಿ ಅಗ್ನಿಗಳು ಮೂರು. ಪಶ್ಚಿಮದಲ್ಲಿ ವರ್ತುಲಾಕಾರದ ಗಾರ್ಹಪತ್ಯ, ಪೂರ್ವದಲ್ಲಿ ಚೌಕವಾದ ಆಹವನೀಯ, ದಕ್ಷಿಣದಲ್ಲಿ ಅರ್ಧಚಂದ್ರಾಕಾರದ ದಕ್ಷಿಣಾಗ್ನಿ. ಈ ಮೂರನೆಯದಕ್ಕೆ ಅನ್ವಾಹಾರ್ಯಪಚನವೆಂದು ಇನ್ನೊಂದು ಹೆಸರುಂಟು. ಋತ್ವಿಜರಿಗೆ ದಕ್ಷಿಣೆಯಾಗಿ ಕೊಡತಕ್ಕ ಅನ್ವಾಹಾರ್ಯವೆಂಬ ಅನ್ನವು ಬೇಯುತ್ತಿದ್ದುದು ಅದರ ಮೇಲೆ. ದೇವತೆಗಳಿಗೆ ಆಹುತಿಯನ್ನು ಹಾಕುವ ಬೆಂಕಿ ಬೇರೆ, ಮನುಷ್ಯರು ಉಣ್ಣುವ ಅನ್ನವನ್ನು ಬೇಯಿಸುವ ಬೆಂಕಿ ಬೇರೆ. ಎರಡನೆಯದು ಪಕ್ಕಕ್ಕೆ, ದಕ್ಷಿಣದ ಕಡೆಗೆ ಸರಿದಿರಬೇಕು. ಬೆಂಕಿಯ ಉಪಯೋಗವು ಬೇರೆಯಾದರೆ ಅದರ ಸ್ಥಾನವೂ ಬೇರೆಯಾಗಬೇಕೆಂಬ ಈ ವಿವೇಕವು ಮುಂದಿನ ಎಲ್ಲ ವಿಚಾರಗಳಿಗೂ ತಳಹದಿಯಾಗಿದೆ.

ಬೌದ್ಧರ ವಿನಯಪಿಟಕದಲ್ಲಿ ಇದೇ ಪ್ರಶ್ನೆ ಬಹು ಲೌಕಿಕವಾದ ರೂಪದಲ್ಲಿ ಬರುತ್ತದೆ. ಭಿಕ್ಷುಗಳು ವಿಹಾರದ ಆವರಣದೊಳಗೆ ತಮತಮಗೆ ತೋಚಿದಲ್ಲೆಲ್ಲ ಬೆಂಕಿಯ ಗೂಡುಗಳನ್ನು ಮಾಡಿಕೊಂಡುದರಿಂದ ಆವರಣವೆಲ್ಲ ಕಸಕೊಳೆಯಾಯಿತಂತೆ. ಈ ದೂರು ಬುದ್ಧನ ವರೆಗೂ ಹೋಗಲು ಆತನು ಅಗ್ನಿಶಾಲೆಯೊಂದನ್ನು ಒಂದು ಪಕ್ಕದಲ್ಲಿ ಕಟ್ಟಿಕೊಳ್ಳುವಂತೆ ಅಪ್ಪಣೆಯಿತ್ತನು. ಆಹಾರಸಾಮಗ್ರಿಯನ್ನಿಡುವುದಕ್ಕೆ ಮೊದಲು ವಿಹಾರದ ಅಂಚಿನ ಕಟ್ಟಡವೊಂದನ್ನು ಗೊತ್ತುಮಾಡಲಾಯಿತು. ಆದರೆ ಜನರು ಅಲ್ಲಿಯೇ ಗಂಜಿ ಕಾಯಿಸುವುದು, ಅನ್ನ ಬೇಯಿಸುವುದು, ಸೌದೆ ಸೀಳುವುದು ಮೊದಲಾದುವನ್ನು ಆರಂಭಿಸಲು, ಬೆಳಗಿನ ಜಾವದಲ್ಲಿಯೇ ಕೂಗಾಟವೂ ಕಾಗೆಗಳ ಕಲಕಲವೂ ಬುದ್ಧನ ಕಿವಿಗೆ ಬಿದ್ದುವು. ಆ ಮೇಲೆ ಆ ಏರ್ಪಾಟನ್ನು ಬದಲಾಯಿಸಬೇಕಾಯಿತು. ಕಾಗೆಗಳ ಈ ಪ್ರಸ್ತಾಪವು ನಗುವನ್ನು ತರಬಹುದು. ಆದರೆ ಹಿತ್ತಿಲಿನಲ್ಲಿ ಹಬ್ಬದ ಅಡಿಗೆಯನ್ನು ಮಾಡಿಸಿದವರೆಲ್ಲರಿಗೂ ಇದು ಅನುಭವಸಿದ್ಧವಾದ ವಿಷಯ. ಹೊರ ಅಡಿಗೆಗೆ ಬೆಂಕಿಯಂತೆಯೇ ಕಾಗೆ, ನಾಯಿ, ನೊಣಗಳೂ ಶತ್ರುಗಳು.

ಹೊರ ಒಲೆಯನ್ನು ರಾಜಶಾಸನದ ವಿಷಯವನ್ನಾಗಿ ಮಾಡಿದುದು ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥವು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ತಾಳೆಯೋಲೆಯಾಗಿ ಬಂದು ಸೇರಿ, ಪಂಡಿತ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆತುದು ಕನ್ನಡನಾಡಿನ ವಿದ್ವತ್ತಿಗೆ ಕೀರ್ತಿಯನ್ನು ತಂದ ಸಂಗತಿ. ೧೯೧೫ರಲ್ಲಿ ಅವರ ಇಂಗ್ಲಿಷ್ ಭಾಷಾಂತರವೂ ಪ್ರಕಟವಾಯಿತು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲವಾದರೂ, ಪ್ರಾಚೀನ ನಗರಗಳಲ್ಲಿ ಬೆಂಕಿಯ ಭಯವು ಎಷ್ಟಿದ್ದಿತೆಂಬುದು ಅದರ ಪ್ರತಿಯೊಂದು ವಿಧಿಯಿಂದಲೂ ವ್ಯಕ್ತವಾಗುತ್ತದೆ.

ಅದರ ನಾಗರಿಕ ಪ್ರಣಿಧಿಯಲ್ಲಿ ಬೇಸಗೆಯ ವಿಧಿಗಳು ಹೀಗಿವೆ. ಹಗಲನ್ನು ನಾಲ್ಕು ಪಾಲು ಮಾಡಿ, ನಡುವಣ ಎರಡು ಪಾಲುಗಳಲ್ಲಿ ಯಾರೂ ಒಲೆಯನ್ನು ಹೊತ್ತಿಸಕೂಡದು. ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಅಥವಾ ಅಡಿಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬಹುದು. ಪ್ರತಿಯೊಂದು ಮನೆಯಲ್ಲಿಯೂ ಐದು ಗಡಿಗೆ ನೀರು, ಕೊಡ, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಮೊದಲಾದುವನ್ನು ಸಿದ್ಧವಾಗಿಟ್ಟಿರಬೇಕು. ಇಲ್ಲದಿದ್ದರೆ ಕಾಲು ಪಣ ದಂಡ. ಹುಲ್ಲಿನಿಂದಲೂ ಚಾಪೆಯಿಂದಲೂ ಹೊದಿಸಿದ ಮಾಡುಗಳನ್ನು ತೆಗೆಯಿಸಬೇಕು. ಬೆಂಕಿಯಿಂದ ಜೀವನ ಮಾಡುವ ಕಸಬಿನವರನ್ನೆಲ್ಲ ಒಂದೇ ಸ್ಥಳದಲ್ಲಿ ವಾಸಮಾಡಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಓಡಿ ಬಾರದ ಯಜಮಾನನಿಗೆ ೧೨ ಪಣ, ಬಾಡಿಗೆದಾರನಿಗೆ ೬ ಪಣ ದಂಡ. ಅಜಾಗ್ರತೆಯಿಂದ ಬೆಂಕಿಯನ್ನು ಬೀಳಿಸಿದವನಿಗೆ ೫೪ ಪಣ. ಜನಪದಕ್ಕೆ ಒದಗುವ ವಿಪತ್ತುಗಳನ್ನು ಹೇಳುವ ಪ್ರಕರಣದಲ್ಲಿ ಇನ್ನೊಮ್ಮೆ, ಬೇಸಗೆಯಲ್ಲಿ ಹಳ್ಳಿಯವರು ಹೊರಗಡೆಯೇ ಅಡಿಗೆ ಮಾಡತಕ್ಕುದೆಂಬ ಮಾತು ಬರುತ್ತದೆ.

ಇಷ್ಟೇ ಅಲ್ಲ. ನೆರೆಹೊರೆಯವರ ಮನೆಗಳ ನಡುವಣ ವ್ಯವಹಾರವನ್ನು ಹೇಳುವಾಗ ಕೌಟಿಲ್ಯನು, ಬೆಂಕಿಯ ಸ್ಥಾನವನ್ನೂ ನೀರಿನ ಹರವಿಯನ್ನು ಇಡುವ ಸ್ಥಾನವನ್ನೂ ಬೀಸುವ ಕಲ್ಲನ್ನೂ ಕುಟ್ಟುವ ಒರಳನ್ನೂ ನೆರೆಯವನ ಗೋಡೆಗೆ ತಗಲುವಂತೆ ಇಡಕೂಡದು, ಒಂದು ಹೆಜ್ಜೆಯೋ ಒಂದು ಮೊಳವೋ ಬಿಟ್ಟು ಇಡಬೇಕು, ಮೀರಿದರೆ ೨೪ ಪಣ ದಂಡವೆಂದು ವಿಧಿಸಿರುವನು. ಒಂದು ಮೊಳದ ಅಂತರವು ಅತ್ಯಲ್ಪವೆಂದು ತೋರಬಹುದು. ಆದರೆ ಇಲ್ಲಿನ ತತ್ತ್ವವು ಅಲ್ಪವಲ್ಲ. ಒಲೆಯ ಸ್ಥಾನವು ಒಲೆಯ ಯಜಮಾನನೊಬ್ಬನಿಗೆ ಸೇರಿದ ವಿಷಯವಲ್ಲ. ಅದರ ಶಾಖವೂ ಹೊಗೆಯೂ ಸದ್ದೂ ಬೇಲಿಯನ್ನು ದಾಟಿ ನೆರೆಯವನನ್ನು ಮುಟ್ಟುತ್ತವೆ. ಇಂದಿನ ಪಟ್ಟಣಗಳಲ್ಲಿ ಇಕ್ಕಟ್ಟಾದ ನಿವೇಶನಗಳ ನಡುವೆ ಹೊರ ಒಲೆಯನ್ನು ಹಾಕಬಯಸುವವರು ಎಲ್ಲಕ್ಕಿಂತ ಮೊದಲು ಸ್ಮರಿಸಬೇಕಾದ ವಿಧಿ ಇದು.

ಅರ್ಥಶಾಸ್ತ್ರವು ದೂರವನ್ನೂ ಕಾಲವನ್ನೂ ಹೇಳಿತು. ವಾಸ್ತುಶಾಸ್ತ್ರವು ದಿಕ್ಕನ್ನು ಹೇಳಿತು. ಕ್ರಿ.ಶ. ೬ನೆಯ ಶತಮಾನದಲ್ಲಿದ್ದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಈಶಾನ್ಯದಲ್ಲಿ ದೇವಗೃಹವನ್ನೂ, ಆಗ್ನೇಯದಲ್ಲಿ ಮಹಾನಸವನ್ನೂ, ನೈಋತ್ಯದಲ್ಲಿ ಪಾತ್ರೆಪದಾರ್ಥಗಳನ್ನೂ, ವಾಯವ್ಯದಲ್ಲಿ ಧನಧಾನ್ಯಗಳನ್ನೂ ಇಡಬೇಕೆಂದಿರುವನು. ಮಹಾನಸವೆಂದರೆ ಅಡಿಗೆಯ ಮನೆ. ಆಗ್ನೇಯದಿಕ್ಕಿಗೆ ಅಗ್ನಿಯೇ ಅಧಿಪತಿಯಾದುದರಿಂದ ಅಲ್ಲಿ ಒಲೆಯಿರಬೇಕೆಂಬುದು ಸಂಪ್ರದಾಯವು ಕೊಡುವ ಕಾರಣ. ಇತ್ತ ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ರಾಜನ ಅಡಿಗೆಮನೆಯನ್ನು ವರ್ಣಿಸುವ ವೈದ್ಯನು ಪ್ರಶಸ್ತವಾದ ದಿಕ್ಕು ಮತ್ತು ದೇಶ ಎಂದಿಷ್ಟೇ ಹೇಳಿ, ಆ ಮೇಲೆ ತನ್ನ ಕಾಳಜಿಯ ವಿಷಯಗಳಿಗೆ ಬರುವನು: ಅದು ವಿಶಾಲವಾಗಿರಬೇಕು, ಶುಚಿಯಾಗಿರಬೇಕು, ಜಾಲಂಧ್ರಗಳೂ ಗವಾಕ್ಷಗಳೂ ಉಳ್ಳದ್ದಾಗಿರಬೇಕು, ಸುತ್ತಲೂ ಹುಲ್ಲುಕಸ ಇರಕೂಡದು, ಮೇಲೆ ಮೇಲುಕಟ್ಟು ಇರಬೇಕು, ನಂಬಿಕೆಯುಳ್ಳವರೇ ಅಲ್ಲಿ ಓಡಾಡಬೇಕು. ದೈವಜ್ಞನು ದಿಕ್ಕನ್ನು ನೋಡಿದನು. ವೈದ್ಯನು ಗಾಳಿಯನ್ನೂ ಶುಚಿತ್ವವನ್ನೂ ನೋಡಿದನು. ಎರಡನ್ನೂ ಕೂಡಿಸಿದರೇ ಶಾಸ್ತ್ರವು ಪೂರ್ಣವಾಗುವುದು.

ಆಗ್ನೇಯದ ವಿಧಿಯು ಕೇವಲ ನಂಬಿಕೆಯೋ ಅಥವಾ ಅದರೊಳಗೆ ಅನುಭವವೇನಾದರೂ ಅಡಗಿದೆಯೋ ಎಂಬುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಚೌಕವಾದ ಮನೆಯೊಂದನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ದಕ್ಷಿಣಭಾರತದಲ್ಲಿ ವರ್ಷದಲ್ಲಿ ಬೀಸುವ ಮುಖ್ಯವಾದ ಗಾಳಿಗಳು ಎರಡು. ಜೂನಿನಿಂದ ಸೆಪ್ಟೆಂಬರಿನ ವರೆಗೆ ನೈಋತ್ಯದಿಂದ ಈಶಾನ್ಯಕ್ಕೆ. ಅಕ್ಟೋಬರಿನ ಹೊತ್ತಿಗೆ ಅದು ತಿರುಗಿ ಈಶಾನ್ಯದಿಂದ ನೈಋತ್ಯಕ್ಕೆ. ನೈಋತ್ಯದ ಮೂಲೆಯಲ್ಲಿ ಒಲೆಯಿದ್ದರೆ ಮುಂಗಾರಿನಲ್ಲಿ ಹೊಗೆಯು ಮನೆಯನ್ನೆಲ್ಲ ಹಾಯ್ದು ಹೋಗಬೇಕು. ಈಶಾನ್ಯದಲ್ಲಿದ್ದರೆ ಹಿಂಗಾರಿನಲ್ಲಿ ಅದೇ ಗತಿ. ಆಗ್ನೇಯದಲ್ಲಿಯೋ ವಾಯವ್ಯದಲ್ಲಿಯೋ ಇದ್ದರೆ ಎರಡು ಗಾಳಿಗಳಲ್ಲಿ ಯಾವುದು ಬೀಸಿದರೂ ಹೊಗೆಯು ಮನೆಯ ಮೂಲೆಯನ್ನು ಸವರಿಕೊಂಡು ಹೊರಕ್ಕೆ ಹೋಗುವುದು. ಈ ಎರಡು ಮೂಲೆಗಳಲ್ಲಿ ಆಗ್ನೇಯಕ್ಕೆ ಬೆಳಗಿನ ಬಿಸಿಲು ಬೀಳುವುದರಿಂದ ರಾತ್ರಿಯ ತೇವವು ಆರುವುದು, ಮುಂಜಾನೆಯೇ ಬೆಳಕು ದೊರೆಯುವುದು. ವಾಯವ್ಯಕ್ಕೆ ಅಪರಾಹ್ಣದ ಸುಡುಬಿಸಿಲು. ಶಾಸ್ತ್ರಕಾರರು ಈ ಕಾರಣವನ್ನು ಬಾಯಿಬಿಟ್ಟು ಹೇಳಿಲ್ಲ. ಆದುದರಿಂದ ಇದೇ ಅವರ ಮನಸ್ಸಿನಲ್ಲಿದ್ದಿತೆಂದು ಸಾಧಿಸಹೊರಡುವುದು ಅವಿವೇಕವಾದೀತು. ವಿಧಿಯೂ ಗಾಳಿಯ ಗತಿಯೂ ಇಲ್ಲಿ ಒಂದನ್ನೊಂದು ವಿರೋಧಿಸುವುದಿಲ್ಲವೆಂಬಷ್ಟು ಮಾತ್ರ ನಿಸ್ಸಂದೇಹ.

ದೇಶವು ಬದಲಾದರೆ ವಿಧಿಯೂ ಬದಲಾಗುವುದೆಂಬುದಕ್ಕೆ ಕೇರಳವೇ ಸಾಕ್ಷಿ. ಅಲ್ಲಿನ ನಾಲುಕೆಟ್ಟು ಮನೆಗಳಲ್ಲಿ ಅಡಿಗೆಯ ಮನೆಯು ಸಾಮಾನ್ಯವಾಗಿ ಆಗ್ನೇಯದಲ್ಲಿರದೆ ಈಶಾನ್ಯದ ಕಡೆಗೆ ಇರುತ್ತದೆ; ಅದಕ್ಕೆ ಒತ್ತಿಕೊಂಡಂತೆಯೇ ಬಾವಿ. ಉತ್ತರದ ಗ್ರಂಥಗಳನ್ನು ಮಾತ್ರ ಓದಿದವನು ಇದನ್ನು ದೋಷವೆಂದು ಬಗೆಯಬಹುದು. ಆದರೆ ಆ ನಾಡಿನಲ್ಲಿ ಪ್ರಬಲವಾದುದು ಕಡಲಿನ ಕಡೆಯಿಂದ ಬರುವ ಮುಂಗಾರಿನ ಗಾಳಿ. ಈಶಾನ್ಯದ ಗಾಳಿಯನ್ನು ಸಹ್ಯಾದ್ರಿಯು ಬಹುಮಟ್ಟಿಗೆ ತಡೆಯುವುದು. ಆದಕಾರಣ ಈಶಾನ್ಯದ ಒಲೆಯ ಹೊಗೆಯು ಮನೆಯನ್ನು ಪ್ರವೇಶಿಸದೆ ಹೊರಗೆ ಹೋಗುವುದು, ನೀರೂ ಕೈಗೆಟುಕುವಂತಿರುವುದು. ಒಂದೇ ಶಾಸ್ತ್ರದ ಎರಡು ಶಾಖೆಗಳು ಎರಡು ದಿಕ್ಕುಗಳನ್ನು ತೋರಿಸಿದಾಗ, ಯಾವುದು ಸರಿಯೆಂದು ಕಲಹವಾಡುವುದಕ್ಕಿಂತ ತನ್ನ ಅಂಗಳದಲ್ಲಿ ಗಾಳಿ ಎತ್ತಣಿಂದ ಬೀಸುತ್ತದೆಂಬುದನ್ನು ನೋಡುವುದೇ ಲೇಸು.

ಬಹುಜನರಿಗೆ ಅಡಿಗೆ ಮಾಡಬೇಕಾದ ದೇವಾಲಯಗಳಲ್ಲಿ ಪಾಕಶಾಲೆಯ ಸ್ಥಾನವು ಇನ್ನೂ ಸ್ಪಷ್ಟವಾಗಿ ಗೊತ್ತಾಗಿರುವುದು. ಪುರಿಯ ಜಗನ್ನಾಥ ದೇವಾಲಯದ ಪ್ರಸಿದ್ಧವಾದ ರಸೋಯಿಶಾಲೆಯು ಹೊರ ಆವರಣದ ಆಗ್ನೇಯ ಭಾಗದಲ್ಲಿದೆ; ಗರ್ಭಗುಡಿಗೂ ಅದಕ್ಕೂ ನಡುವೆ ಸಾಕಷ್ಟು ಎಡೆಯಿದೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ತುಂಗಭದ್ರೆಯ ನೀರು ಕಿರುಗಾಲುವೆಯ ಮೂಲಕ ಬಂದು ಅಡಿಗೆಯ ಶಾಲೆಯನ್ನು ಹಾಯ್ದು ಹೊರ ಪ್ರಾಕಾರದಿಂದ ಆಚೆಗೆ ಹೋಗುವಂತೆ ಏರ್ಪಡಿಸಿರುವರು. ಬೆಂಕಿಗೆ ದಿಕ್ಕನ್ನು ಗೊತ್ತುಮಾಡಿದರೆ ಸಾಲದು, ನೀರು ಬರುವ ದಾರಿಯನ್ನೂ ಬಳಸಿದ ನೀರು ಹೋಗುವ ದಾರಿಯನ್ನೂ ಗೊತ್ತುಮಾಡಬೇಕೆಂಬ ಪಾಠವನ್ನು ಆ ಕಿರುಗಾಲುವೆಯು ಇಂದಿಗೂ ಹೇಳುತ್ತಿದೆ.

ಕನ್ನಡನಾಡಿನ ಹಳೆಯ ಮನೆಗಳಿಗೆ ಬಂದರೆ, ಅಲ್ಲಿ ಒಂದೇ ಬೆಂಕಿಯಲ್ಲ, ಎರಡು ಬೆಂಕಿಗಳಿದ್ದುವೆಂಬುದು ಕಂಡುಬರುತ್ತದೆ. ಮೊದಲನೆಯದು ಮಡಿಯ ಅಡಿಗೆಮನೆಯ ಒಲೆ. ಅದು ಮನೆಯ ಅತ್ಯಂತ ಒಳಗೆ, ದೇವರ ಕೋಣೆಗೆ ಹತ್ತಿರದಲ್ಲಿ, ಪರರ ಕಣ್ಣು ಬೀಳದ ಕಡೆ. ಎರಡನೆಯದು ಹೊರಗಿನ ಬೆಂಕಿ. ಬಚ್ಚಲಿನ ಹಂಡೆಯ ಒಲೆ, ಮಲೆನಾಡಿನಲ್ಲಿ ಅಡಕೆಯನ್ನು ಬೇಯಿಸುವ ಒಲೆ, ಕರಾವಳಿಯಲ್ಲಿ ಕುಚ್ಚಲಕ್ಕಿಗಾಗಿ ಬತ್ತವನ್ನು ಬೇಯಿಸುವ ಒಲೆ, ಬಯಲುಸೀಮೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ಆಲೆಮನೆಯ ಒಲೆ, ಮದುವೆ ಮುಂಜಿಗಳಲ್ಲಿ ಚಪ್ಪರದ ಹಿಂದೆ ನೆಲದಲ್ಲಿ ಕಾಲುವೆಯಂತೆ ತೋಡಿದ ಉದ್ದನೆಯ ಒಲೆ, ಇವೆಲ್ಲವೂ ಈ ಎರಡನೆಯ ವರ್ಗಕ್ಕೆ ಸೇರಿದುವು. ಇವುಗಳ ಸ್ಥಾನವನ್ನು ಪಂಚಾಂಗ ನೋಡಿ ಗೊತ್ತುಮಾಡಿದವರು ವಿರಳ. ಸುಲಿದ ಅಡಕೆಯು ಎಲ್ಲಿ ಬಂದು ಬೀಳುವುದು, ಬೆಂದುದನ್ನು ಎಲ್ಲಿ ಹರಡಬೇಕು, ಚೊಗರನ್ನು ಎಲ್ಲಿ ಇಳಿಸಬೇಕು, ಸೌದೆಯ ರಾಶಿಗೆ ಮಳೆ ತಾಗದಿರುವುದು ಹೇಗೆ, ಕಿಡಿಯು ಹುಲ್ಲಿನ ಬಣವೆಯ ಕಡೆಗೆ ಹಾರದಿರುವುದು ಹೇಗೆ ಎಂಬ ಕೆಲಸದ ಲೆಕ್ಕವೇ ಅವುಗಳ ವಾಸ್ತುಶಾಸ್ತ್ರ. ಮದುವೆಯ ಅಡಿಗೆಯ ಹಿರಿಯರು ಬಂದೊಡನೆ ಒಂದು ಹಿಡಿ ಮಣ್ಣನ್ನು ಎತ್ತಿ ಉದುರಿಸಿ ಗಾಳಿಯನ್ನು ನೋಡಿ, ಆ ಮೇಲೆ ಗುದ್ದಲಿಯನ್ನು ಹಾಕಿಸುವುದುಂಟು. ಒಲೆಯ ಬಾಯಿಯು ಗಾಳಿಗೆ ಎದುರಾಗಿದ್ದರೆ ಉರಿ ಹತ್ತುವುದು ಸುಲಭ. ಆದರೆ ಗಾಳಿ ಜೋರಾದರೆ ಉರಿಯು ಪಾತ್ರೆಯ ತಳವನ್ನು ಬಿಟ್ಟು ಹಿಂದಕ್ಕೆ ಓಡುವುದು. ಆದಕಾರಣ ಅವರು ಗಾಳಿಯ ಕಡೆಗೆ ತಡಿಕೆಯನ್ನು ಕಟ್ಟಿಸುವರು.

ಈ ಎರಡು ಬೆಂಕಿಗಳ ನಡುವಣ ಭೇದವು ವಿಚಾರಾರ್ಹವಾದುದು. ಹೊರಗಿನ ಒಲೆಗೆ ಗಾಳಿ ಬೆಳಕು ಯಥೇಷ್ಟವಾಗಿದ್ದುವು. ಅಲ್ಲಿನ ಕೆಲಸವು ವರ್ಷದಲ್ಲಿ ಕೆಲವು ದಿನ ಮಾತ್ರ. ಒಳಗಿನ ಒಲೆಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅಲ್ಲಿನ ಕೆಲಸವಾದರೋ ವರ್ಷದ ಮುನ್ನೂರ ಅರುವತ್ತೈದು ದಿನವೂ. ಸುಶ್ರುತನು ರಾಜನ ಮಹಾನಸಕ್ಕೆ ವಿಧಿಸಿದ ಗವಾಕ್ಷಗಳು ಸಾಮಾನ್ಯ ಗೃಹಸ್ಥನ ಅಡಿಗೆಮನೆಯ ವರೆಗೆ ಬಂದು ತಲುಪಲಿಲ್ಲ. ಮಡಿಗೆ ಮರೆ ಬೇಕಾಯಿತು; ಮರೆಗೆ ಗೋಡೆ ಬೇಕಾಯಿತು; ಗೋಡೆಯು ಹೊಗೆಯನ್ನು ಒಳಗೆ ಹಿಡಿದಿಟ್ಟಿತು. ಮಾಡಿನ ತೊಲೆಗಳು ಕಪ್ಪಾದುವು. ಆ ತೊಲೆಗಳ ಕೆಳಗೆ ಕುಳಿತವರ ಎದೆಯೊಳಗೆ ಏನಾಯಿತೆಂಬುದನ್ನು ಮಾತ್ರ ಯಾವ ಶಾಸ್ತ್ರವೂ ವಿಚಾರಿಸಲಿಲ್ಲ.

ಇದು ಈ ದೇಶವೊಂದರ ದೋಷವಲ್ಲ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬಲ್ಲಿ ೧೪ನೆಯ ಶತಮಾನದಲ್ಲಿ ಮಠಾಧಿಪತಿಗಾಗಿ ಕಟ್ಟಿದ ಕಲ್ಲಿನ ಅಡಿಗೆಮನೆಯು ಈಗಲೂ ನಿಂತಿದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಒಲೆಗಳು, ಮೇಲೆ ಹೊಗೆ ಹೋಗುವುದಕ್ಕೆ ಎತ್ತರವಾದ ಶಿಖರ. ಬೆಂಕಿಯ ಭಯದಿಂದ ದೊಡ್ಡ ಅಡಿಗೆಮನೆಗಳನ್ನು ಹೀಗೆ ಪ್ರತ್ಯೇಕವಾಗಿ ಕಟ್ಟುವುದು ಆ ಕಾಲದ ಪದ್ಧತಿ. ಆ ಭಯವು ನಿರಾಧಾರವಾದುದಲ್ಲವೆಂಬುದು ೧೬೬೬ರ ಸೆಪ್ಟೆಂಬರ್ ೨ರಂದು ಲಂಡನ್ನಿನಲ್ಲಿ ವ್ಯಕ್ತವಾಯಿತು. ರೊಟ್ಟಿ ಸುಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಕಿಚ್ಚು ಸುಮಾರು ೧೩,೨೦೦ ಮನೆಗಳನ್ನು ಬೂದಿಮಾಡಿತು. ಅಗ್ನಿಜೀವಿಗಳನ್ನು ಒಂದೇ ಕಡೆ ಬೇರೆಯಾಗಿ ಇರಿಸಬೇಕೆಂದ ಕೌಟಿಲ್ಯನ ಮಾತಿನ ಬೆಲೆಯು ಅಂದು ಆ ನಗರಕ್ಕೆ ತಿಳಿಯಬಹುದಾಗಿದ್ದಿತು.

ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ ಬೇಸಗೆಯು ತೀಕ್ಷ್ಣವಾದುದರಿಂದ, ಅಡಿಗೆ ಮೊದಲಾದ ಕೆಲಸಗಳನ್ನು ವಾಸದ ಮನೆಯಿಂದ ಬೇರೆಯಾದ ಕಟ್ಟಡಗಳಲ್ಲಿ ಮಾಡಿಸಿ ಮನೆಯನ್ನು ತಂಪಾಗಿ ಇರಿಸಿಕೊಳ್ಳುತ್ತಿದ್ದರೆಂದು ರಾಬರ್ಟ್ ಬೆವರ್ಲಿಯು ೧೭೦೫ರಲ್ಲಿಯೇ ಬರೆದಿರುವನು. ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಎಂಬ ಮನೆಯಲ್ಲಿಯೂ ಅಡಿಗೆಮನೆಯು ಪ್ರತ್ಯೇಕವಾದ ಕಟ್ಟಡ; ಕಂಬಗಳ ಸಾಲುಳ್ಳ ಮೊಗಸಾಲೆಯೊಂದು ಅದನ್ನು ಮುಖ್ಯಗೃಹಕ್ಕೆ ಕೂಡಿಸುವುದು. ಬೆಂಕಿಯ ಭಯವೂ ಇಲ್ಲ, ಶಾಖವೂ ಇಲ್ಲ, ಮಳೆಯಲ್ಲಿ ಅನ್ನ ನೆನೆಯುವುದೂ ಇಲ್ಲ. ಸ್ಥಾನನಿರ್ಣಯದ ದೃಷ್ಟಿಯಿಂದ ನಿರ್ದೋಷವಾದ ಏರ್ಪಾಟು. ಆದರೆ ತಂಪಾದುದು ಯಜಮಾನನ ಮನೆ. ಒಲೆಯ ಮುಂದೆ ಬೇಯುತ್ತಿದ್ದವರು ಗುಲಾಮರು. ಅವರಲ್ಲಿ ಹರ್ಕ್ಯುಲಿಸ್ ಎಂಬ ಬಾಣಸಿಗನು ವಾಷಿಂಗ್ಟನ್ನನು ರಾಷ್ಟ್ರಾಧ್ಯಕ್ಷನಾಗಿದ್ದಾಗ ಫಿಲಡೆಲ್ಫಿಯದಲ್ಲಿ ಅವನ ಅಡಿಗೆಯ ಮುಖ್ಯಸ್ಥನಾಗಿದ್ದು ಬಹಳ ಹೆಸರಾದವನು. ಆ ಮೇಲೆ ಅವನನ್ನು ಮೌಂಟ್ ವರ್ನನ್ನಿಗೆ ಕಳುಹಿಸಿ ಅಗೆಯುವ ಕೂಲಿಯ ಕೆಲಸಕ್ಕೆ ಹಾಕಿದರು. ೧೭೯೭ರ ಫೆಬ್ರವರಿ ೨೨ರಂದು, ವಾಷಿಂಗ್ಟನ್ನನಿಗೆ ಅರುವತ್ತೈದು ವರ್ಷ ತುಂಬಿದ ದಿನದಂದೇ, ಅವನು ಅಲ್ಲಿಂದ ತಪ್ಪಿಸಿಕೊಂಡು ಹೋದನು. ಮತ್ತೆ ಕೈಗೆ ಸಿಕ್ಕಲಿಲ್ಲ. ಅಡಿಗೆಮನೆಯನ್ನು ಹೊರಗೆ ಹಾಕುವುದು ಬೇರೆ, ಅಡಿಗೆ ಮಾಡುವವರನ್ನು ಹೊರಗೆ ಹಾಕುವುದು ಬೇರೆ. ಚರಿತ್ರೆಯಲ್ಲಿ ಇವೆರಡೂ ಎಷ್ಟೋ ಸಲ ಒಂದರೊಳಗೊಂದು ಬೆರೆತು ಹೋಗಿವೆ.

ಇಂಗ್ಲಿಷರು ಭಾರತಕ್ಕೆ ಬಂದು ಕಟ್ಟಿಕೊಂಡ ಬಂಗಲೆಗಳಲ್ಲಿಯೂ ಇದೇ ಕಥೆ. ಬಾಬರ್ಚಿಖಾನೆಯು ಬಂಗಲೆಯ ಹಿಂದೆ, ಆವರಣದ ಕೊನೆಯಲ್ಲಿ, ಆಳುಗಳ ಮನೆಗಳ ಮಗ್ಗುಲಲ್ಲಿ ಇರುತ್ತಿದ್ದಿತು. ದೊರೆಗಳಿಗೆ ಹೊಗೆಯ ವಾಸನೆ ತಟ್ಟದು ನಿಜ; ಆದರೆ ಬಿಸಿಯಾಗಿ ಹೊರಟ ಪದಾರ್ಥವು ಮೇಜನ್ನು ಸೇರುವಷ್ಟರಲ್ಲಿ ತಣ್ಣಗಾಗುವುದು, ಒಲೆಯ ಕಡೆ ಯಾರ ಮೇಲ್ವಿಚಾರಣೆಯೂ ಇಲ್ಲದೆ ಶುಚಿತ್ವವು ಕೆಡುವುದು. ಮದರಾಸಿನಲ್ಲಿದ್ದ ಕರ್ನಲ್ ಕೆನಿ-ಹರ್ಬರ್ಟ್ ಎಂಬವನು ೧೮೭೮ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಬಂಗಲೆಗಳ ಅಡಿಗೆಮನೆಗಳ ದುರವಸ್ಥೆಯನ್ನು ತೀವ್ರವಾಗಿ ಖಂಡಿಸಿರುವನು. ಸಮೀಪವಾದರೆ ಹೊಗೆ, ದೂರವಾದರೆ ಅಲಕ್ಷ್ಯ. ಹೊರ ಒಲೆಯ ಸ್ಥಾನನಿರ್ಣಯದ ಕಷ್ಟವೆಲ್ಲ ಈ ಎರಡರ ನಡುವೆ ಇದೆ.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯು ವಿಜ್ಞಾನಿಗಳ ಕೈಗೆ ಬಂದಿತು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮಗಳ ಅಭ್ಯುದಯಕ್ಕಾಗಿ ಅಸ್ತ್ರ ಎಂಬ ವಿಭಾಗವು ಆರಂಭವಾಯಿತು. ಅಲ್ಲಿ ರೂಪಿಸಿದ ಅಸ್ತ್ರ ಒಲೆಯು ಹೊಗೆಗೊಳವೆಯುಳ್ಳದ್ದಾಗಿ, ಕಡಿಮೆ ಸೌದೆಯಲ್ಲಿ ಒಂದೇ ಉರಿಯಿಂದ ಹಲವು ಪಾತ್ರೆಗಳನ್ನು ಬೇಯಿಸುವಂಥದಾಗಿ ಕರ್ನಾಟಕದ ಅನೇಕ ಹಳ್ಳಿಗಳಿಗೆ ಹೋಯಿತು. ಒಲೆಯನ್ನು ಹೊರಗೆ ಸಾಗಿಸುವ ಬದಲು ಹೊಗೆಯನ್ನು ಮಾತ್ರ ಹೊರಗೆ ಸಾಗಿಸುವುದು ಅದರ ತತ್ತ್ವ. ೨೦೧೬ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಒಲೆಗಳು ಬಡವರ ಮನೆಗಳನ್ನೂ ಪ್ರವೇಶಿಸಿದುವು. ಆದರೂ ಜಗತ್ತಿನಲ್ಲಿ ಮನೆಯೊಳಗಿನ ಒಲೆ ದೀಪಗಳ ಹೊಗೆಯಿಂದ ೨೦೨೦ನೆಯ ವರ್ಷವೊಂದರಲ್ಲಿಯೇ ಸುಮಾರು ೩೨ ಲಕ್ಷ ಮಂದಿ ಅಕಾಲಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಕೌಟಿಲ್ಯನು ಬೆಂಕಿಯ ಜ್ವಾಲೆಗೆ ಹೆದರಿದನು. ಜ್ವಾಲೆಗಿಂತ ಹೆಚ್ಚು ಮಂದಿಯನ್ನು ಕೊಂದುದು ಹೊಗೆ. ಜ್ವಾಲೆಯು ಊರಿಗೆಲ್ಲ ಕಾಣುವುದರಿಂದ ಅದಕ್ಕೆ ದಂಡವಿಧಿಯಾಯಿತು; ಹೊಗೆಯು ಒಲೆಯ ಮುಂದೆ ಕುಳಿತವಳಿಗೆ ಮಾತ್ರ ಕಾಣುವುದರಿಂದ ಅದಕ್ಕೆ ಯಾವ ವಿಧಿಯೂ ಆಗಲಿಲ್ಲ.

ಮನುಸ್ಮೃತಿಯು ಗೃಹಸ್ಥನ ಮನೆಯಲ್ಲಿ ಐದು ಸೂನೆಗಳನ್ನು, ಎಂದರೆ ಅರಿಯದೆಯೇ ಜೀವಹಿಂಸೆಯಾಗುವ ಐದು ಸ್ಥಾನಗಳನ್ನು ಹೇಳುವುದು: ಒಲೆ, ಬೀಸುವ ಕಲ್ಲು, ಪೊರಕೆ ಮೊದಲಾದ ಉಪಸ್ಕರ, ಒರಳು, ನೀರಿನ ಕೊಡ. ಆ ಪಾಪದ ಪರಿಹಾರಕ್ಕಾಗಿ ಪಂಚಮಹಾಯಜ್ಞಗಳನ್ನು ವಿಧಿಸಿದೆ. ಒಲೆಗೆ ಬಿದ್ದ ಇರುವೆಯ ಮರಣಕ್ಕೂ ಪ್ರಾಯಶ್ಚಿತ್ತವನ್ನು ಯೋಚಿಸಿದ ಸೂಕ್ಷ್ಮಬುದ್ಧಿಯು, ಒಲೆಯನ್ನು ಊದಿ ಊದಿ ಕಣ್ಣು ಕಳೆದುಕೊಂಡ ಗೃಹಿಣಿಯ ಕಡೆಗೆ ತಿರುಗಲಿಲ್ಲವಲ್ಲ ಎಂಬ ವ್ಯಥೆಯು ಚರಿತ್ರೆಯನ್ನು ಓದುವವನಿಗೆ ಆಗದಿರದು. ಸೂನೆಯ ಅರ್ಥವನ್ನು ಇಂದು ವಿಸ್ತರಿಸಿಕೊಂಡರೆ, ಹೊಗೆ ತುಂಬಿದ ಅಡಿಗೆಮನೆಯೂ ಸೂನೆಯೇ. ಅದಕ್ಕೆ ಪ್ರಾಯಶ್ಚಿತ್ತವು ಹೋಮವಲ್ಲ, ಗವಾಕ್ಷ.

ಈಚೆಗೆ ಅನುಕೂಲಸ್ಥರ ಮನೆಗಳಲ್ಲಿ ಹಿತ್ತಿಲಿನಲ್ಲಿಯೋ ತೋಟದಲ್ಲಿಯೋ ಹೊರ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸುವ ಅಭಿಲಾಷೆ ಹುಟ್ಟಿದೆ. ಅಂಥವರಿಗೆ ಈ ದೀರ್ಘ ಚರಿತ್ರೆಯಿಂದ ದೊರೆಯುವ ಸಾರವನ್ನು ಸಂಗ್ರಹಿಸಿ ಹೇಳಬಹುದು. ಗುದ್ದಲಿ ಹಾಕುವುದಕ್ಕೆ ಮೊದಲು ಒಂದು ವರ್ಷವಲ್ಲದಿದ್ದರೆ ಮುಂಗಾರು ಹಿಂಗಾರುಗಳೆರಡರಲ್ಲಿ ಕೆಲವು ದಿನವಾದರೂ ಆ ಸ್ಥಳದಲ್ಲಿ ಸ್ವಲ್ಪ ಹಸಿ ಎಲೆಗಳ ಹೊಗೆಯೆಬ್ಬಿಸಿ ಅದು ಎತ್ತ ಹೋಗುವುದೆಂದು ನೋಡಬೇಕು. ಗುಡ್ಡವೂ ನೆರೆಯ ಎತ್ತರದ ಗೋಡೆಯೂ ಗಾಳಿಯ ದಿಕ್ಕನ್ನು ತಿರುಗಿಸುವುದುಂಟು. ಹೊಗೆಯು ತನ್ನ ಮಲಗುವ ಕೋಣೆಗೂ ಹೋಗಬಾರದು, ನೆರೆಯವನ ಕಿಟಕಿಗೂ ಹೋಗಬಾರದು. ಮಾಡಿನ ಸೂರಿನ ಕೆಳಗೂ ಒಣಸೋಗೆಯ ತೆಂಗಿನ ಬುಡದಲ್ಲಿಯೂ ಹುಲ್ಲಿನ ಬಣವೆಯ ಸಮೀಪದಲ್ಲಿಯೂ ಬೆಂಕಿ ಇರಕೂಡದು. ನೀರು ಹತ್ತಿರವಿರಬೇಕು, ಆದರೆ ಬಳಸಿದ ನೀರೂ ಬೂದಿಯೂ ಬಾವಿಯ ಕಡೆಗೆ ಇಳಿಯದಂತೆ ಒಲೆಯು ಬಾವಿಗಿಂತ ತಗ್ಗಿನಲ್ಲಿರಬೇಕು. ಒಳಗಿನ ಅಡಿಗೆಮನೆಗೂ ಹೊರಗಿನದಕ್ಕೂ ನಡುವಣ ದಾರಿಯು ಸಮವಾಗಿದ್ದು ಮೇಲೆ ಮರೆಯುಳ್ಳದ್ದಾಗಿರಬೇಕು. ಬಿಸಿಯ ಪಾತ್ರೆಯನ್ನು ಹೊತ್ತವರು ಮೆಟ್ಟಿಲನ್ನು ನೋಡಲಾರರು. ಬೆಳಗಿನ ಬಿಸಿಲು ಬೀಳುವಂತೆಯೂ ಮಧ್ಯಾಹ್ನದ ಬಿಸಿಲು ತಪ್ಪುವಂತೆಯೂ ನೋಡಿಕೊಳ್ಳಬೇಕು. ಇದಿಷ್ಟೂ ಕೂಡಿಬಂದ ಸ್ಥಳವು ಆಗ್ನೇಯವಾದರೆ ಶಾಸ್ತ್ರಕ್ಕೂ ಸಮ್ಮತ. ಬೇರೆಯಾದರೆ ಕೇರಳದ ಹಿರಿಯರು ಮಾಡಿದಂತೆ ದೇಶವನ್ನೇ ಶಾಸ್ತ್ರವೆಂದು ಭಾವಿಸುವುದರಲ್ಲಿ ದೋಷವಿಲ್ಲ.

ಇವೆಲ್ಲಕ್ಕಿಂತ ಮೊದಲನೆಯದಾಗಬೇಕಾದ, ಆದರೆ ಯಾವ ಗ್ರಂಥದಲ್ಲಿಯೂ ಕಾಣದ ವಿಧಿಯೊಂದು ಉಳಿದಿದೆ. ದೈವಜ್ಞನನ್ನು ಕೇಳಿದರು, ವೈದ್ಯನನ್ನು ಕೇಳಿದರು, ಶಿಲ್ಪಿಯನ್ನು ಕೇಳಿದರು, ರಾಜಪುರುಷನನ್ನು ಕೇಳಿದರು. ನಿತ್ಯವೂ ಆ ಒಲೆಯ ಮುಂದೆ ನಿಲ್ಲತಕ್ಕವರನ್ನು ಮಾತ್ರ ಕೇಳಿದಂತೆ ಕಾಣುವುದಿಲ್ಲ. ಗಾಳಿ ಎತ್ತಣಿಂದ ಬರುವುದು, ಸೌದೆ ಎಲ್ಲಿ ನೆನೆಯುವುದು, ಮಗು ಎಲ್ಲಿ ಆಡಿದರೆ ಕಣ್ಣಿಗೆ ಬೀಳುವುದು, ಸಂಜೆಯ ಬೆಳಕು ಯಾವ ಮೂಲೆಯಲ್ಲಿ ಕೊನೆಯ ವರೆಗೂ ಉಳಿಯುವುದು ಎಂಬುದನ್ನು ಮನೆಯಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಹೊರ ಒಲೆಗೆ ಸ್ಥಳವನ್ನು ಹುಡುಕುವ ಗೃಹಸ್ಥನು ದಿಕ್ಸೂಚಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲು ಅವರನ್ನು ಕರೆದು ಹಿತ್ತಿಲಿನಲ್ಲಿ ನಿಲ್ಲಿಸಿ, ಎಲ್ಲಿ ಹೂಡಿದರೆ ಅನುಕೂಲವೆಂದು ಒಂದು ಮಾತು ಕೇಳಲಿ. ಅವರು ಬೆರಳಿಟ್ಟು ತೋರಿಸಿದ ಸ್ಥಳವೇ ಬಹುಮಟ್ಟಿಗೆ ಪ್ರಶಸ್ತವಾದ ಸ್ಥಳವಾಗಿರುವುದು.